ಸುಂಟಿಕೊಪ್ಪದಿಂದ ಸೈಗಾನ್‌ಗೆ

ಕೊಡಗಿನಲ್ಲಿ ಕಾಫಿ, ಮೆಣಸು ಬೆಳೆಯುವ ಮನೆಯವರಿಗೆ ವಿಯೆಟ್ನಾಂ ಗೊತ್ತಿಲ್ಲದ ದೇಶವೇನಲ್ಲ. ನಮ್ಮ ಮನೆಯಲ್ಲಿ ಅಮೆರಿಕದ ಹೆಸರಿಗಿಂತ ಅದರ ಹೆಸರೇ ಜಾಸ್ತಿ ಕೇಳಿಸುತ್ತಿತ್ತು. ಅಲ್ಲಿ ಮಳೆ ಹೇಗಿದೆ, ಫಸಲು ಎಷ್ಟು ಬರಬಹುದು ಅಂತ ಅಪ್ಪ ಪೇಪರ್‌ನಲ್ಲಿ ಹುಡುಕಿ ಓದುತ್ತಿದ್ದರು. ಒಳ್ಳೆಮೆಣಸಿನ ಬೆಲೆ ಬಿದ್ದ ವರ್ಷಗಳಲ್ಲಂತೂ ಸುಂಟಿಕೊಪ್ಪದ ಪೇಟೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಗೊಬ್ಬರದ ಅಂಗಡಿಯ ಮುಂದೆ ಅದೇ ಮಾತು. 2016ರ ಸುಮಾರಿಗೆ ಕಿಲೋಗೆ 700 ರೂಪಾಯಿ ಕಂಡಿದ್ದ ಮೆಣಸು ಎರಡು ಮೂರು ವರ್ಷದಲ್ಲಿ 300ರ ಹತ್ತಿರಕ್ಕೆ ಇಳಿಯಿತು. ಮೆಣಸನ್ನು ನಂಬಿ ಮನೆ ಕಟ್ಟಲು ಶುರು ಮಾಡಿದವರು ಗೋಡೆ ಎಬ್ಬಿಸಿ ನಿಲ್ಲಿಸಿದರು. ಕೇಳಿದರೆ ಒಂದೇ ಉತ್ತರ. ವಿಯೆಟ್ನಾಂ ಮೆಣಸು ಬಂತು.

ಆ ದೂರು ಸುಮ್ನೆ ಹುಟ್ಟಿದ್ದಲ್ಲ. ಶ್ರೀಲಂಕಾ ಜೊತೆ ನಮಗೆ ವ್ಯಾಪಾರ ಒಪ್ಪಂದ ಇದೆ. ಅಲ್ಲಿಂದ ಬರುವ ಮಾಲಿಗೆ ಸುಂಕ ಕಡಿಮೆ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಗೆ ಬರುತ್ತಿದೆ ಅನ್ನುವುದು ಬೆಳೆಗಾರರ ದೂರು. ಪ್ರತಿಭಟನೆಗಳಾದವು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಗೊತ್ತುಮಾಡಿತು. ಆ ಸುದ್ದಿ ಬಂದ ದಿನ ಅಪ್ಪನಿಗೆ ಆದ ಸಮಾಧಾನ ನನಗೆ ಚೆನ್ನಾಗಿ ನೆನಪಿದೆ.

ಕಾಫಿಯದ್ದು ಅದಕ್ಕಿಂತ ಹಳೆಯ ಕಥೆ. ಎಲ್ಲರ ಕಾಫಿಯನ್ನೂ ಕಾಫಿ ಬೋರ್ಡೇ ತೆಗೆದುಕೊಂಡು ಮಾರುವ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ಮುಗಿದು, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಸ್ವಲ್ಪ ಕಾಲ ಒಳ್ಳೆ ಬೆಲೆಯೂ ಸಿಕ್ಕಿತು. ಅಷ್ಟರಲ್ಲಿ ವಿಯೆಟ್ನಾಂ, ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶವಾಗಿ ಬೆಳೆದಿತ್ತು. 2001ರ ಹೊತ್ತಿಗೆ ರೋಬಸ್ಟಾ ಜಾತಿಯ ಕಾಫಿಯ ಬೆಲೆ ನೆಲ ಕಚ್ಚಿತು. ಆ ವರ್ಷಗಳಲ್ಲಿ ಕುಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟವರ ಕಥೆ ಕೇಳಿಕೊಂಡೇ ನಾನು ಬೆಳೆದೆ.

ಆ ದೇಶದಲ್ಲಿ ಕೆಲಸ ಸಿಕ್ಕಿದೆ ಅಂದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೋ ಚಿ ಮಿನ್ ಸಿಟಿಯಲ್ಲಿರುವ ಒಂದು ಕಾಫಿ ವ್ಯಾಪಾರದ ಕಂಪನಿ. ಅದರ ಲ್ಯಾಬ್‌ನಲ್ಲಿ ಬೀಜದ ಗುಣಮಟ್ಟ ನೋಡುವುದು, ಕಾಫಿಯ ರುಚಿ ನೋಡುವುದು ನನ್ನ ಕೆಲಸ. "ಅಲ್ಲಿಗೇ ಹೋಗಬೇಕಾ?" ಅಂತ ಚಿಕ್ಕಪ್ಪ ಕೇಳಿದರು. ಅಪ್ಪ ಮಾತ್ರ, "ಹೋಗಿ ನೋಡಲಿ. ಅವರು ಹೇಗೆ ಬೆಳೆಯುತ್ತಾರೆ ಅಂತ ನಮ್ಮವರು ಒಬ್ಬರಾದರೂ ಹತ್ತಿರದಿಂದ ನೋಡಿರಲಿ" ಅಂದರು.

ಹೊರಗೆ ಹೋಗುವುದು ಕೊಡಗಿಗೆ ಹೊಸದಲ್ಲ. ಪಟ್ಟಾಳಕ್ಕೆ ಹೋದವರು ಇಲ್ಲದ ಊರು ನಮ್ಮಲ್ಲಿ ಕಡಿಮೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಕೊರಿಯಾದಲ್ಲಿ ಕೆಲಸ ಮಾಡಿದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದಾಗಲೇ 1965ರಲ್ಲಿ ತೀರಿಕೊಂಡರು. 1954ರ ಜಿನೀವಾ ಒಪ್ಪಂದದ ನಂತರ ವಿಯೆಟ್ನಾಂನಲ್ಲೂ ಭಾರತದ ಸೇನಾಧಿಕಾರಿಗಳು ಶಾಂತಿ ಆಯೋಗದ ಕೆಲಸಕ್ಕೆ ಇದ್ದರು. ಆದರೆ ಪಟ್ಟಾಳಕ್ಕೆ ಹೋದವರು ಪಿಂಚಣಿ ಹಿಡಿದು ತೋಟಕ್ಕೆ ವಾಪಸ್ ಬರುತ್ತಾರೆ ಅನ್ನುವ ಧೈರ್ಯ ಮನೆಯವರಿಗೆ ಇರುತ್ತಿತ್ತು. ನಮ್ಮ ತಲೆಮಾರಿನವರ ಬಗ್ಗೆ ಆ ಧೈರ್ಯ ಇಲ್ಲ. ಬೆಂಗಳೂರಿಗೆ ಹೋದವರೇ ಹುತ್ತರಿ ಹಬ್ಬಕ್ಕೆ ಮಾತ್ರ ಬರುತ್ತಾರೆ. ಅಮ್ಮನ ಹೆದರಿಕೆ ವಿಯೆಟ್ನಾಂ ಬಗ್ಗೆ ಆಗಿರಲಿಲ್ಲ, ಇದರ ಬಗ್ಗೆ ಆಗಿತ್ತು.

ಹೋ ಚಿ ಮಿನ್ ಸಿಟಿ ಅನ್ನುವ ಹೆಸರು ಬಂದಿದ್ದು 1976ರಲ್ಲಿ. ಊರಿನವರು ಮಾತಿನಲ್ಲಿ ಈಗಲೂ ಸೈಗಾನ್ ಅಂತಲೇ ಅನ್ನುತ್ತಾರೆ. ನನಗೂ ಅದೇ ಬಾಯಿಗೆ ಬಂತು. ವಿಮಾನ ನಿಲ್ದಾಣ ಊರಿನ ಒಳಗೇ ಇದೆ. ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕೂಡಲೇ ಸೆಕೆ. ನಮ್ಮ ಕಡೆ ಏಪ್ರಿಲ್‌ನಲ್ಲೂ ರಾತ್ರಿ ಹೊದಿಕೆ ಬೇಕು. ಇಲ್ಲಿ ನಡುರಾತ್ರಿಯೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ.

ಆಮೇಲೆ ಬೈಕ್‌ಗಳು. ಈ ಊರಿನಲ್ಲಿ 70 ಲಕ್ಷಕ್ಕೂ ಜಾಸ್ತಿ ಬೈಕ್, ಸ್ಕೂಟರ್ ಇವೆ. ಸಂಜೆ ಐದರ ಮೇಲೆ ರಸ್ತೆ ದಾಟುವುದು ಅಂದರೆ ಅದನ್ನು ಯಾರಾದರೂ ಕಲಿಸಿಕೊಡಬೇಕು. ನನಗೆ ಕಲಿಸಿದ್ದು ಬಾಡಿಗೆ ಮನೆಯ ಕೆಳಗೆ ಹಣ್ಣು ಮಾರುವ ಅಜ್ಜಿ. ಕೈ ಹಿಡಿದು ರಸ್ತೆಗೆ ಇಳಿಸಿದರು. ನಿಧಾನಕ್ಕೆ, ಒಂದೇ ವೇಗದಲ್ಲಿ ನಡೆಯಬೇಕು. ನಿಲ್ಲಬಾರದು. ಹಿಂದೆ ಸರಿಯಲೇಬಾರದು. ನೀವು ಎಲ್ಲಿಗೆ ಬರುತ್ತೀರಿ ಅಂತ ಬೈಕಿನವರು ಲೆಕ್ಕ ಹಾಕಿ ಪಕ್ಕಕ್ಕೆ ಸರಿಯುತ್ತಾರೆ. ಇದು ನನಗೆ ಕಷ್ಟವಾಯಿತು. ಯಾಕೆಂದರೆ ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟಿದ್ದು ತಿರುಗು ಮುರುಗು. ತೋಟದ ದಾರಿಯಲ್ಲಿ ಆನೆ ಕಂಡರೆ ನಿಲ್ಲು, ಸದ್ದು ಮಾಡದೆ ಹಿಂದೆ ಸರಿ. ಆ ಅಭ್ಯಾಸ ಮೈಯಿಂದ ಹೋಗಲು ಸಮಯ ಹಿಡಿಯಿತು.

2024ರ ಡಿಸೆಂಬರ್ 22ರಂದು ಈ ಊರಿಗೆ ಮೊದಲ ಮೆಟ್ರೋ ಬಂತು. ಬೆನ್ ಥಾನ್ ಮಾರುಕಟ್ಟೆಯಿಂದ ಸುವೋಯ್ ಟಿಯೆನ್‌ವರೆಗೆ 19.7 ಕಿಲೋಮೀಟರ್, 14 ನಿಲ್ದಾಣ. ಜನ ಅಜ್ಜ ಅಜ್ಜಿಯರನ್ನು ಕರೆತಂದು ಬೋಗಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದನ್ನು ನೋಡುವಾಗ ನನಗೂ ಖುಷಿಯಾಯಿತು. ರೈಲು ಹಳಿಯೇ ಇಲ್ಲದ ಜಿಲ್ಲೆಯಿಂದ ಬಂದವರಿಗೆ ಆ ಖುಷಿ ಅರ್ಥವಾಗುತ್ತದೆ. ನಮಗೆ ಹಳಿ ಬೇಕಾ ಬೇಡವಾ ಅನ್ನುವುದು ಬೇರೆ ಮಾತು. ಕಾಡು, ತೋಟ ಸೀಳಿಕೊಂಡು ಬರುವ ಹಳಿ ಬೇಡ ಅನ್ನುವವರ ಪರವೇ ನಾನು.

ಮಳೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮಳೆ ಜೂನ್‌ನಲ್ಲಿ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಬಟ್ಟೆ ಒಲೆಯ ಮೇಲೆ ಒಣಗಬೇಕು, ಮನೆಯೆಲ್ಲ ಹೊಗೆ ವಾಸನೆ. ಸೈಗಾನ್‌ನಲ್ಲಿ ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆಗಾಲ. ಆದರೆ ಮಧ್ಯಾಹ್ನ ಅಥವಾ ಸಂಜೆ ಒಂದು ಗಂಟೆ ಹುಯ್ದು ನಿಲ್ಲುತ್ತದೆ. ಮೊದಲ ಹನಿ ಬಿದ್ದ ಕೂಡಲೇ ಬೈಕಿನವರೆಲ್ಲ ಬದಿಗೆ ನಿಲ್ಲಿಸಿ ಸೀಟಿನ ಕೆಳಗಿಂದ ರೇನ್‌ಕೋಟ್ ತೆಗೆಯುತ್ತಾರೆ. ಎರಡು ನಿಮಿಷದಲ್ಲಿ ರಸ್ತೆ ತುಂಬ ಬಣ್ಣ. ಮಗುವನ್ನು ಹಿಂದೆ ಕೂರಿಸಿಕೊಂಡವರು ಅದೇ ಕೋಟಿನ ಒಳಗೆ ಮಗುವನ್ನೂ ಸೇರಿಸಿಕೊಳ್ಳುತ್ತಾರೆ. ಸಮುದ್ರದ ಉಬ್ಬರ ಇದ್ದ ದಿನ ನೀರು ಇಳಿಯದೆ ಕೆಲವು ಬೀದಿಗಳಲ್ಲಿ ಮೊಣಕಾಲಿಗೆ ಬರುತ್ತದೆ. ಜನ ತೋಯ್ದುಕೊಂಡೇ ಅಂಗಡಿ ನಡೆಸುತ್ತಾರೆ.

ಮೊದಲ ಸಲ ಅಂಥ ಮಳೆ ಬಂದಾಗ ನಾನು ಮನೆಗೆ ಫೋನ್ ಮಾಡಿದೆ. 2018ರ ಆಗಸ್ಟ್ ನೋಡಿದ ನಮ್ಮ ಕಡೆಯವರಿಗೆ ಜೋರು ಮಳೆಯ ಸದ್ದು ಮೊದಲಿನ ಹಾಗೆ ಕೇಳಿಸುವುದಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡವೇ ಜಾರಿ ತೋಟ, ಮನೆ, ದಾರಿ ಹೋದವು. ನಮಗೆ ಗೊತ್ತಿದ್ದವರ ತೋಟ ಈಗ ಬರೀ ಕೆಂಪು ಇಳಿಜಾರು. ಇಲ್ಲಿ ಸಹೋದ್ಯೋಗಿಗಳು ಕಿಟಕಿ ತೆರೆದು ಮಳೆ ನೋಡುತ್ತಾ ನಗುತ್ತಿದ್ದರು. ನಾನು ಅಮ್ಮನ ಹತ್ತಿರ ಹಿಂದಿನ ಗುಡ್ಡದಲ್ಲಿ ಬಿರುಕು ಏನಾದರೂ ಕಂಡಿದೆಯಾ ಅಂತ ಕೇಳುತ್ತಿದ್ದೆ. ಆ ದಿನ ಊರಲ್ಲಿ ಬಿಸಿಲಿತ್ತು.

ಕೊಡಗಿನಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು "ಯಾವ ಮನೆ?" ಅಂತ. ಮನೆ ಹೆಸರು ಹೇಳಿದರೆ ಸಾಕು, ನಿಮ್ಮ ಅಜ್ಜ ಯಾರು, ತೋಟ ಎಲ್ಲಿದೆ, ಯಾರ ಜೊತೆ ಜಗಳ ಇದೆ ಎಲ್ಲ ಅವರಿಗೆ ಗೊತ್ತು. ಸೈಗಾನ್‌ನಲ್ಲಿ ಮೊದಲು ವಯಸ್ಸು ಕೇಳುತ್ತಾರೆ. ದೊಡ್ಡವರೋ ಚಿಕ್ಕವರೋ ಗೊತ್ತಾದರೆ ಅಕ್ಕ, ಅಣ್ಣ, ತಮ್ಮ, ತಂಗಿ ಅಂತ ಕರೆದು ಮಾತು ಮುಂದುವರಿಸುತ್ತಾರೆ. ಮನೆ ಹೆಸರು ಇಲ್ಲದೆ ಓಡಾಡುವುದರಲ್ಲಿ ಒಂದು ಬಿಡುಗಡೆ ಇದೆ. ನಾನು ಏನು ತಿಂದೆ, ಎಷ್ಟು ಹೊತ್ತಿಗೆ ಬಂದೆ ಅಂತ ಊರಿಗೆ ಸುದ್ದಿ ಮುಟ್ಟುವುದಿಲ್ಲ. ಆದರೆ ಜ್ವರ ಬಂದು ಮಲಗಿದ ದಿನ ಅದೇ ವಿಷಯ ಬೇರೆ ಥರ ಕಂಡಿತು. ನನ್ನ ಮನೆ ಯಾವುದು ಅಂತ ಗೊತ್ತಿರುವ ಒಬ್ಬರೂ ಆ ಊರಿನಲ್ಲಿ ಇರಲಿಲ್ಲ. ಹಣ್ಣಿನ ಅಜ್ಜಿ ಗಂಜಿ ತಂದುಕೊಟ್ಟರು. ಅವರ ಮಾತು ನನಗೆ ಅರ್ಥವಾಗಲಿಲ್ಲ, ಗಂಜಿಯಲ್ಲಿ ಮೆಣಸಿನ ಪುಡಿ ಜಾಸ್ತಿ ಇತ್ತು. ನಮ್ಮ ಅಜ್ಜಿಯೂ ಜ್ವರಕ್ಕೆ ಹಾಗೇ ಮಾಡುತ್ತಿದ್ದರು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಡಗಿನವರಿಗೆ ಅಲ್ಲಿ ಕಷ್ಟವೇ ಇಲ್ಲ. ಅಕ್ಕಿ, ಹಂದಿ ಮಾಂಸ, ಕಳಲೆ ಮೂರೂ ಎಲ್ಲ ಕಡೆ ಸಿಗುತ್ತವೆ. ಬಾತುಕೋಳಿ, ಕಳಲೆ ಹಾಕಿದ ಅಕ್ಕಿ ಶಾವಿಗೆಯ ಸಾರು ಕುಡಿದ ದಿನ ನೂಪುಟ್ಟು ನೆನಪಾಯಿತು. ಉಪ್ಪು, ಮೆಣಸಿನ ಪುಡಿ, ನಿಂಬೆರಸ ಕಲಸಿ ಮಾಂಸಕ್ಕೆ ಅದ್ದಿಕೊಳ್ಳುತ್ತಾರೆ. ಮಾಂಸಕ್ಕೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿ ಮಾತ್ರ ಮನೆಯಿಂದಲೇ ಹೋಗಬೇಕು. ಸಸ್ಯಾಹಾರಿಗಳೂ ಹೆದರಬೇಕಾಗಿಲ್ಲ, ಬೌದ್ಧರು ನಡೆಸುವ ಸಸ್ಯಾಹಾರಿ ಊಟದ ಮನೆಗಳು ಬೇಕಾದಷ್ಟಿವೆ. ಊರ ನಡುವೆ ತಮಿಳು ವ್ಯಾಪಾರಿಗಳು ಹಿಂದೆ ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ. ಅಲ್ಲಿಗೆ ಬರುವವರಲ್ಲಿ ವಿಯೆಟ್ನಾಂನವರೇ ಜಾಸ್ತಿ. ಕಲ್ಲಿನ ಗೋಡೆಗೆ ಹಣೆ ಒತ್ತಿ ಹರಕೆ ಹೇಳಿಕೊಳ್ಳುತ್ತಾರೆ. ಕನ್ನಡ ಕೇಳಬೇಕು ಅನ್ನಿಸಿದ ಭಾನುವಾರಗಳಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಕನ್ನಡ ಸಿಗಲಿಲ್ಲ. ಕುಂಕುಮ, ಕರ್ಪೂರದ ವಾಸನೆ ಸಿಕ್ಕಿತು.

ಈಗ ಕಾಫಿ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಸೈಗಾನ್‌ನ ಬೀದಿಯಲ್ಲಿ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲ್‌ಗಳು. ಎಲ್ಲರೂ ರಸ್ತೆಗೆ ಮುಖ ಮಾಡಿ ಕೂರುತ್ತಾರೆ. ಲೋಟದ ಮೇಲೆ ತಗಡಿನ ಪುಟ್ಟ ಫಿಲ್ಟರ್, ಅದಕ್ಕೆ ಫಿನ್ ಅನ್ನುತ್ತಾರೆ. ಹನಿ ಹನಿಯಾಗಿ ಇಳಿಯುವ ಕಪ್ಪು ಡಿಕಾಕ್ಷನ್. ಕೆಳಗೆ ಗಟ್ಟಿ ಸಿಹಿ ಹಾಲು, ಮೇಲೆ ಐಸ್. 20-25 ಸಾವಿರ ಡಾಂಗ್ ಆಗುತ್ತದೆ, ಅಂದರೆ ನಮ್ಮ 70-80 ರೂಪಾಯಿ. ಜೊತೆಗೆ ತಣ್ಣನೆ ಟೀ ಬಿಟ್ಟಿ. ಕೂಲಿ ಕೆಲಸದವರು, ಬ್ಯಾಂಕಿನವರು, ಲಾಟರಿ ಮಾರುವವರು ಎಲ್ಲ ಅದೇ ಸ್ಟೂಲಿನಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಹಳೆಯ ಕೆಲವು ಅಂಗಡಿಗಳಲ್ಲಿ ಬಟ್ಟೆಯ ಸೋಸುಚೀಲದಲ್ಲಿ ಕಾಫಿ ಇಳಿಸುತ್ತಾರೆ. ಸೋಮವಾರಪೇಟೆಯ ಹಳೆ ಹೋಟೆಲುಗಳಲ್ಲಿ ನಾನು ನೋಡಿದ್ದೂ ಅದೇ ಥರದ ಬಟ್ಟೆ.

ಆ ಲೋಟದಲ್ಲಿರುವುದು ರೋಬಸ್ಟಾ. ವಿಯೆಟ್ನಾಂ ಬೆಳೆಯುವ ಕಾಫಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ರೋಬಸ್ಟಾವೇ. ಬೆಣ್ಣೆ ಹಾಕಿ ಕಪ್ಪಗೆ ಹುರಿಯುತ್ತಾರೆ. ಕಹಿ ಇದೆ, ದಪ್ಪ ಇದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ನಮ್ಮಲ್ಲಿ ರೋಬಸ್ಟಾ ಅಂದರೆ ಎರಡನೇ ದರ್ಜೆ ಅನ್ನುವ ಮಾತು ಬೆಳೆಯುವವರ ಬಾಯಲ್ಲೇ ಇದೆ. ಅರೇಬಿಕಾ ಇದ್ದವರು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ, ರೋಬಸ್ಟಾದವರು ಚೀಲದ ಲೆಕ್ಕ ಹೇಳುತ್ತಾರೆ. ಭಾರತದ ಕಾಫಿಯಲ್ಲಿ ಸುಮಾರು 70 ಭಾಗ ಕರ್ನಾಟಕದ್ದು, ಅದರಲ್ಲಿ ಕೊಡಗಿನ ಪಾಲು ದೊಡ್ಡದು, ಕೊಡಗಿನಲ್ಲಿ ಹೆಚ್ಚಿನದು ರೋಬಸ್ಟಾ. ಅದರ ಹಣ್ಣಿನ ಸಿಪ್ಪೆ ತೆಗೆದು, ನೀರಿನಲ್ಲಿ ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡುವುದನ್ನು ನಮ್ಮವರು ಎಷ್ಟು ಶ್ರದ್ಧೆಯಿಂದ ಕಲಿತಿದ್ದಾರೆ! ಆ ಬೀಜ ಯುರೋಪಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಕಣದ ಕೊನೆಯ ಗುಡಿಸಿದ ಕಾಳು, ಕಪ್ಪು ಕಾಳು, ಒಡಕು. ಅದಕ್ಕೆ ಬೆಲ್ಲ ಹಾಕಿ ಕುದಿಸಿ ಕುಡಿಯುತ್ತೇವೆ. ಬೆಲ್ಲದ ಕಾಫಿ ನನಗೆ ಇವತ್ತಿಗೂ ಇಷ್ಟ. ಆದರೆ ತಾವು ಬೆಳೆದದ್ದರಲ್ಲಿ ಒಳ್ಳೆಯದನ್ನು ತಾವೂ ಕುಡಿಯಬೇಕು ಅನ್ನುವ ಆಸೆ ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ ಅಂತ ಆ ಸ್ಟೂಲಿನ ಮೇಲೆ ಕೂತು ಬಹಳ ಸಲ ಯೋಚಿಸಿದ್ದೇನೆ. ಅವರೂ ಹೆಚ್ಚಿನ ಕಾಫಿಯನ್ನು ಹೊರಗೇ ಮಾರುತ್ತಾರೆ. ಆದರೂ ಊರಿನ ಪ್ರತಿ ಬೀದಿಯಲ್ಲಿ ತಮಗಾಗಿ ಒಂದು ಲೋಟ ಉಳಿಸಿಕೊಂಡಿದ್ದಾರೆ. ಮಡಿಕೇರಿಯಲ್ಲಿ ಪ್ರವಾಸಿಗಳಿಗೆ ಕಾಫಿ ಪುಡಿ ಮಾರುವ ಅಂಗಡಿ ಸಾಲುಸಾಲಾಗಿವೆ, ಒಂದು ಒಳ್ಳೆ ಕಪ್ಪು ಕಾಫಿ ಕುಡಿಯಲು ಹುಡುಕಬೇಕು.

ಎರಡೂ ಕಡೆಯ ತೋಟಗಳ ಕಾಲವೂ ಹತ್ತಿರ ಹತ್ತಿರವೇ. ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಿದ್ದು 1854ರಲ್ಲಿ. ಫ್ರೆಂಚ್ ಪಾದ್ರಿಗಳು ವಿಯೆಟ್ನಾಂಗೆ ಕಾಫಿ ತಂದಿದ್ದು 1857ರಲ್ಲಿ. ಆದರೆ ಅವರ ಈಗಿನ ಕಾಫಿ ಬೆಳೆದಿದ್ದು ಯುದ್ಧ ಮುಗಿದ ಮೇಲೆ, 1986ರ ಆರ್ಥಿಕ ಸುಧಾರಣೆಯ ನಂತರ. ನಮ್ಮ ಅಜ್ಜಂದಿರು ನೂರು ವರ್ಷ ನೋಡಿದ್ದನ್ನು ಅವರು ಹದಿನೈದು ವರ್ಷದಲ್ಲಿ ದಾಟಿದರು.

ಆಫೀಸಿನ ಬಗ್ಗೆ ಎರಡು ಮಾತು. ಊಟ ಆದ ಮೇಲೆ ದೀಪ ಆರಿಸಿ ಎಲ್ಲರೂ ನಿದ್ದೆ ಮಾಡುತ್ತಾರೆ. ಮ್ಯಾನೇಜರ್ ಕೂಡ ಮೇಜಿನ ಕೆಳಗೆ ಚಾಪೆ ಬಿಡಿಸಿ ಮಲಗುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ದೀಪ ಹಾಕಿ, ಚಾಪೆ ಸುತ್ತಿ, ಕೆಲಸ ಶುರು. ಬೆಂಗಳೂರಿನ ಆಫೀಸುಗಳು ಇದನ್ನು ಕಲಿಯಬೇಕು. ಲ್ಯಾಬ್‌ನಲ್ಲಿ ನನ್ನ ಕೆಲಸ ಸ್ಯಾಂಪಲ್ ತಟ್ಟೆಗಳ ಮುಂದೆ. ತೇವಾಂಶ ಎಷ್ಟು, ಕಪ್ಪು ಮತ್ತು ಒಡಕು ಕಾಳು ನೂರಕ್ಕೆ ಎಷ್ಟು, ಜರಡಿಯಲ್ಲಿ ಯಾವ ಅಳತೆ ನಿಲ್ಲುತ್ತದೆ. ಅವರ ಸಾಮಾನ್ಯ ದರ್ಜೆಯಲ್ಲಿ ನೂರಕ್ಕೆ 5ರವರೆಗೆ ಕಪ್ಪು, ಒಡಕು ಇರಬಹುದು. ಕೊಡಗಿನಲ್ಲಿ ವ್ಯಾಪಾರಿ ಬಂದು ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಕೈಯಲ್ಲಿ ಹಿಡಿದು ಓಟಿ ಎಷ್ಟು, ಅಂದರೆ ಚೀಲಕ್ಕೆ ಎಷ್ಟು ಬೀಜ ಬರುತ್ತದೆ ಅಂತ ಹೇಳುವಾಗ ಅಪ್ಪ ಅವನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದರು. ಈಗ ನಾನು ಮೇಜಿನ ಆ ಕಡೆ ಇದ್ದೇನೆ. ಒಂದು ತಟ್ಟೆಯನ್ನು ತಳ್ಳಿಹಾಕುವ ಮೊದಲು ಇನ್ನೊಂದು ಸಲ ಎಣಿಸುತ್ತೇನೆ. ಅದರ ಹಿಂದೆ ಯಾರೋ ಒಬ್ಬರು ಹಾಗೆ ನಿಂತಿದ್ದಾರೆ ಅಂತ ನನಗೆ ಗೊತ್ತು.

ನನ್ನ ಪಕ್ಕದ ಮೇಜಿನ ಗೆಳತಿ ಗಿಯಾ ಲೈ ಪ್ರಾಂತ್ಯದವಳು. ಮಧ್ಯ ವಿಯೆಟ್ನಾಂನ ಎತ್ತರದ ನಾಡು, ಕೆಂಪು ಮಣ್ಣು. ಒಂದು ದಿನ ಮಧ್ಯಾಹ್ನದ ಊಟಕ್ಕೆ ನಾನು ಮನೆಯಿಂದ ತಂದ ಮೆಣಸಿನ ಪುಡಿ ಹಾಕಿಕೊಳ್ಳುವುದನ್ನು ನೋಡಿ ಕೈಗೆ ತೆಗೆದುಕೊಂಡಳು. ಮೂಸಿದಳು. "ನಮ್ಮ ಮನೆಯಲ್ಲೂ ಇತ್ತು" ಅಂದಳು. ಆಮೇಲೆ ಅವಳ ಮನೆಯ ಕಥೆ ಬಂತು.

ಅಲ್ಲಿ 2015ರ ಸುಮಾರಿಗೆ ಮೆಣಸು ಕಿಲೋಗೆ 2 ಲಕ್ಷ ಡಾಂಗ್ ದಾಟಿತ್ತು. ಎಲ್ಲರೂ ನೆಟ್ಟರು. ಇದ್ದ ಕಾಫಿ ಕಿತ್ತು ನೆಟ್ಟರು, ಸಾಲ ಮಾಡಿ ನೆಟ್ಟರು. ದೇಶಕ್ಕೆ ಸಾಕು ಅಂತ ಸರ್ಕಾರ ಲೆಕ್ಕ ಹಾಕಿದ್ದು 50 ಸಾವಿರ ಹೆಕ್ಟೇರ್. 2017ರ ಹೊತ್ತಿಗೆ ಅದು ಒಂದೂವರೆ ಲಕ್ಷ ಹೆಕ್ಟೇರ್ ಆಗಿತ್ತು. ನಮ್ಮ ಹಾಗೆ ಮರಕ್ಕೆ ಬಳ್ಳಿ ಹಬ್ಬಿಸುವುದಲ್ಲ. ಸಾಲಾಗಿ ಸಿಮೆಂಟ್ ಕಂಬ, ಒಣ ಮರದ ಕಂಬ ನಿಲ್ಲಿಸಿ ಒತ್ತೊತ್ತಾಗಿ ಬಳ್ಳಿ. ಮಳೆಗಾಲದಲ್ಲಿ ಬುಡಕ್ಕೆ ರೋಗ ಬಿದ್ದರೆ ಒಂದರಿಂದ ಇನ್ನೊಂದಕ್ಕೆ ಓಡುತ್ತದೆ. ಅವಳು ಫೋನಿನಲ್ಲಿ ಫೋಟೋ ತೋರಿಸಿದಳು. ಎಲೆ ಹಳದಿಯಾಗಿ, ಗಿಣ್ಣು ಕಳಚಿ, ಬುಡ ಕಪ್ಪಾಗಿ ನಿಂತ ಬಳ್ಳಿಗಳು. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದು ಸೊರಗು ರೋಗ. ನಮ್ಮ ಮನೆಯ ಕೆಳಗಿನ ತೋಟದಲ್ಲಿ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಬಳ್ಳಿ ಸತ್ತಿತು, ಅದೇ ಹೊತ್ತಿಗೆ ಬೆಲೆಯೂ ಬಿತ್ತು. 2 ಲಕ್ಷ ಇದ್ದದ್ದು 40 ಸಾವಿರ ಡಾಂಗ್‌ಗೆ ಬಂದು ನಿಂತಿತು. ಆ ಕಡೆ ಸಾಲ ತೀರಿಸಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು ಬಹಳ. ಅವಳ ಅಣ್ಣ ಸೈಗಾನ್ ಪಕ್ಕದ ಫ್ಯಾಕ್ಟರಿಗೆ ಸೇರಿದ. ಅಪ್ಪ ಬರಿಯ ಕಂಬಗಳನ್ನು ಕಾಯುತ್ತಾ ಉಳಿದರು.

ಅವಳು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆ ವರ್ಷ ಅವರ ಊರಿನವರೆಲ್ಲ ಭಾರತವನ್ನು ಬೈಯುತ್ತಿದ್ದರಂತೆ. ಭಾರತ ಏನೋ ಹೊಸ ಬೆಲೆ ಕಟ್ಟಿದೆ, ಇನ್ನು ನಮ್ಮ ಮೆಣಸು ಕೊಳ್ಳುವುದಿಲ್ಲ ಅಂತ. ಅಂದರೆ ಅದೇ 500 ರೂಪಾಯಿ. ನಮ್ಮ ಜಗುಲಿಯಲ್ಲಿ ಸಮಾಧಾನ ತಂದ ಅದೇ ಸುದ್ದಿ.

ಆಮೇಲೆ ಕುಯ್ಲಿನ ಕಾಲದಲ್ಲಿ ಅವಳ ಜೊತೆ ಮೇಲಿನ ನಾಡಿಗೆ ಹೋದೆ. ರಾತ್ರಿ ಬಸ್ಸು, ಮಲಗಿಕೊಂಡು ಹೋಗುವಂಥದ್ದು. ಬೆಳಗ್ಗೆ ಕಣ್ಣು ಬಿಟ್ಟರೆ ಎರಡೂ ಬದಿಗೆ ಕಾಫಿ. ಹಣ್ಣು, ಎಲೆ, ಮಣ್ಣು ಎಲ್ಲ ನಮ್ಮದೇ. ಆದರೂ ಏನೋ ಇಲ್ಲ ಅನ್ನಿಸಿತು. ಬಸ್ಸಿನಿಂದ ಇಳಿದು ತೋಟದೊಳಗೆ ನಿಂತ ಮೇಲೆ ತಿಳಿಯಿತು. ನೆರಳಿಲ್ಲ. ತಲೆಯ ಮೇಲೆ ಮರವೇ ಇಲ್ಲ. ಬಿಸಿಲು ನೇರವಾಗಿ ಗಿಡದ ಮೇಲೆ. ಹಲಸು, ಬೀಟೆ, ಅತ್ತಿ, ಸಿಲ್ವರ್ ಓಕ್, ಹಾಲವಾಣ ಯಾವುದೂ ಇಲ್ಲದ ಕಾಫಿ ತೋಟವನ್ನು ನಾನು ಅಲ್ಲಿವರೆಗೆ ಕಲ್ಪಿಸಿಕೊಂಡೇ ಇರಲಿಲ್ಲ. ಹಕ್ಕಿ ಕೂಗು ಕಡಿಮೆ. ಆದರೆ ಫಸಲು ನೋಡಿದರೆ ಬೆರಗಾಗುತ್ತದೆ. ಹೆಕ್ಟೇರಿಗೆ ನಮ್ಮ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕೆ ತಕ್ಕಷ್ಟು ಗೊಬ್ಬರ, ತಕ್ಕಷ್ಟು ನೀರು. ಜನವರಿಯಿಂದ ಏಪ್ರಿಲ್‌ವರೆಗೆ ಬಾವಿಯಿಂದ ಪಂಪ್ ಮಾಡಿ ಪ್ರತಿ ಗಿಡದ ಬುಡಕ್ಕೆ ಪೈಪಿನಲ್ಲಿ ನೀರು ಕೊಡುತ್ತಾರೆ. ನಾವೂ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕುತ್ತೇವೆ. ಆದರೆ ನಮಗೆ ಆಕಾಶ ನೋಡಿ ಕಾಯುವ ಅಭ್ಯಾಸ ಇನ್ನೂ ಇದೆ. ಅಲ್ಲಿ ಬಾವಿಗಳು ವರ್ಷ ವರ್ಷ ಆಳಕ್ಕೆ ಹೋಗುತ್ತಿವೆ.

ಈ ನಡುವೆ ಅಲ್ಲಿನವರು ಕಾಫಿ ಕಡಿದು ಡುರಿಯನ್ ನೆಡುತ್ತಿದ್ದಾರೆ. ಹಲಸಿನ ಹಾಗೆ ಮುಳ್ಳಿರುವ, ಗಾಢ ವಾಸನೆಯ ಹಣ್ಣು. 2022ರಲ್ಲಿ ಚೀನಾ ತಾಜಾ ಡುರಿಯನ್‌ಗೆ ಬಾಗಿಲು ತೆರೆದ ಮೇಲೆ ಅದರ ಬೆಲೆಯೇ ಬೇರೆ ಆಯಿತು. ಅದರ ಜೊತೆಗೆ 2024ರ ಬೇಸಿಗೆಯಲ್ಲಿ ಬರ ಬಂತು. ಕೆರೆಗಳು ಬತ್ತಿದವು, ಗಿಡ ಒಣಗಿದವು. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆ ವರ್ಷ ಕೊಡಗಿನಲ್ಲಿ ಏನಾಯಿತು ಅಂತ ಬೆಳೆಗಾರರಿಗೆ ಹೇಳಬೇಕಾಗಿಲ್ಲ. 50 ಕಿಲೋ ರೋಬಸ್ಟಾ ಚೆರಿಗೆ 10 ಸಾವಿರ ರೂಪಾಯಿ ಬಂತು. ಹಿಂದೆ ಯಾರೂ ಕಾಣದ ಬೆಲೆ. ನಿಂತುಹೋಗಿದ್ದ ಗೋಡೆಗಳಿಗೆ ಚಾವಣಿ ಬಂತು, ಬ್ಯಾಂಕಿನ ಹಳೆ ಸಾಲ ತೀರಿತು. ನಮ್ಮ ಮನೆಯಲ್ಲೂ ತೀರಿತು.

ಒಣಗಿದ ಗಿಡದ ಬುಡದಲ್ಲಿ ನಿಂತು ನನಗೆ ಆ ಲೆಕ್ಕ ಹೊಳೆಯಿತು. ನಮ್ಮ ಸುಗ್ಗಿ ಅವರ ಬರದಿಂದ ಬಂದಿತ್ತು. ಹಿಂದೆ ಅವರ ಸುಗ್ಗಿಯಲ್ಲಿ ನಾವು ಮುಳುಗಿದ್ದೆವು. ಬೆಳೆಯುವವರು ಇಬ್ಬರೂ ಬೆಲೆ ಗೊತ್ತುಮಾಡುವುದಿಲ್ಲ. ಶ್ರೀಲಂಕಾದ ದಾರಿಯ ಬಗ್ಗೆ ನಮ್ಮ ಬೆಳೆಗಾರರು ಎತ್ತಿದ ಪ್ರಶ್ನೆ ನನಗೆ ಈಗಲೂ ಸರಿಯಾಗಿಯೇ ಕಾಣುತ್ತದೆ. ಕಳ್ಳದಾರಿ ಮುಚ್ಚಲೇಬೇಕು. ಆದರೆ ಆ ದಾರಿಯಲ್ಲಿ ದುಡ್ಡು ಮಾಡಿದವರು ಗಿಯಾ ಲೈನ ತೋಟದಲ್ಲಿ ಇರಲಿಲ್ಲ. ಇದನ್ನು ನಾನು ಊರಲ್ಲಿ ಹೇಳಬೇಕು ಅಂತ ಆ ದಿನವೇ ಅಂದುಕೊಂಡೆ.

ಟೆಟ್ ಹಬ್ಬಕ್ಕೆ ಸೈಗಾನ್ ಖಾಲಿಯಾಗುತ್ತದೆ. ಅದು ಅವರ ಹೊಸ ವರ್ಷ. ಬೈಕಿನ ಹಿಂದೆ ಹಳದಿ ಹೂವಿನ ಗಿಡ, ಹಣ್ಣಿನ ಬುಟ್ಟಿ ಕಟ್ಟಿಕೊಂಡು ಎಲ್ಲರೂ ತಮ್ಮ ತಮ್ಮ ಹಳ್ಳಿಗೆ ಹೋಗುತ್ತಾರೆ. ಹುತ್ತರಿಗೆ ಕುಶಾಲನಗರದ ದಾರಿಯಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟುವುದು ನೆನಪಾಯಿತು. ಅಂಗಡಿಗಳೆಲ್ಲ ಮುಚ್ಚಿದ ಆ ವಾರ ರಜೆ ಹಾಕಿ ನಾನೂ ಮನೆಗೆ ಬಂದೆ.

ರೋಬಸ್ಟಾ ಕುಯ್ಲು ನಡೆಯುತ್ತಿತ್ತು. ಕಣದ ಬದಿಯಲ್ಲಿ ಕೂತು ನೋಡಿದ್ದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಒಪ್ಪಲಿಲ್ಲ. "ಅವರ ಬಳ್ಳಿ ಸತ್ತರೆ ಪಾಪ, ನಮ್ಮ ಬೆಲೆ ಬಿದ್ದಾಗ ಯಾರು ಪಾಪ ಅಂದರು?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ತೋಟದವರು ನೆರಳಿಲ್ಲದ ತೋಟದ ಫೋಟೋಗಳನ್ನು ಬಹಳ ಹೊತ್ತು ನೋಡಿದರು. ಮರ ತೆಗೆದರೆ ನಮಗೂ ಅಷ್ಟು ಫಸಲು ಬರಬಹುದಲ್ವಾ ಅನ್ನುವ ಪ್ರಶ್ನೆ ಅವರ ಬಾಯಿಂದ ಬಂದಾಗ ನನಗೆ ಭಯವಾಯಿತು. ಈಗಾಗಲೇ ಮರಕಪಾತು, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಹೆಸರಿನಲ್ಲಿ ಕೆಲವು ಕಡೆ ತೋಟ ಬೋಳಾಗುತ್ತಿದೆ. ಕಾಡುಮರ ಹೋಗಿ ಸಿಲ್ವರ್ ಓಕ್ ಒಂದೇ ಉಳಿಯುತ್ತಿದೆ. ಬಾವಿಯ ವಿಷಯ, ನೀರಿನ ವಿಷಯ, 2018ರಲ್ಲಿ ಜಾರಿದ ಗುಡ್ಡಗಳ ವಿಷಯ ಎಲ್ಲ ಹೇಳಿದೆ. ಅವರ ಇಳಿಜಾರು ಅಷ್ಟು ಕಡಿದಲ್ಲ, ಅವರ ಮಳೆ ನಮ್ಮಷ್ಟಿಲ್ಲ, ನಮ್ಮ ಗುಡ್ಡದಲ್ಲಿ ಮರ ತೆಗೆದರೆ ಮಣ್ಣು ನಿಲ್ಲುವುದಿಲ್ಲ ಅಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಅಪ್ಪ ಮಾತ್ರ ಗೆಳತಿಯ ಅಪ್ಪನ ಬಳ್ಳಿಗಳ ಬಗ್ಗೆಯೇ ಕೇಳುತ್ತಿದ್ದರು. ಬುಡದಲ್ಲಿ ನೀರು ನಿಲ್ಲುತ್ತಿತ್ತಾ? ಬೋರ್ಡೋ ದ್ರಾವಣ ಯಾವಾಗ ಹೊಡೆಯುತ್ತಿದ್ದರು? ರೋಗ ತಡೆಯಲು ಬುಡಕ್ಕೆ ಟ್ರೈಕೋಡರ್ಮಾ ಹಾಕಿದ್ದರಾ? ಸತ್ತ ಬಳ್ಳಿಯ ಜಾಗದಲ್ಲಿ ಎಷ್ಟು ವರ್ಷ ಬಿಟ್ಟು ನೆಟ್ಟರು? ಹಳೆ ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಬರೆದು ಕೊಟ್ಟರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಕಳುಹಿಸಿದೆ, ಗೆಳತಿ ತನ್ನ ಭಾಷೆಗೆ ಮಾಡಿದಳು. ಉತ್ತರ ಬಂತು. ಜೊತೆಗೆ ಅವರದ್ದೂ ಪ್ರಶ್ನೆಗಳು. ಸಿಮೆಂಟ್ ಕಂಬ ಬಿಟ್ಟು ಈಗ ಜೀವ ಇರುವ ಮರಕ್ಕೆ ಬಳ್ಳಿ ಹಬ್ಬಿಸಲು ಅವರು ಶುರು ಮಾಡಿದ್ದಾರೆ. ಮರದ ಬೇರು ಬಳ್ಳಿಯ ಗೊಬ್ಬರ ತಿನ್ನುವುದಿಲ್ಲವಾ, ನೆರಳು ಜಾಸ್ತಿಯಾದರೆ ಕೊಂಬೆ ಯಾವ ತಿಂಗಳು ಕಡಿಯುತ್ತೀರಿ, ಅಷ್ಟೆತ್ತರದ ಮರದಿಂದ ಮೆಣಸು ಹೇಗೆ ಕುಯ್ಯುತ್ತೀರಿ ಅಂತ ಕೇಳಿದ್ದಾರೆ. ಅಪ್ಪ ಏಣಿ ಕಟ್ಟಿ ತೋರಿಸುವ ವಿಡಿಯೋ ಮಾಡಿಸಿ ಕಳುಹಿಸಿದರು. ಬಳ್ಳಿ ಹಬ್ಬಿಸಲು ಹಾಲವಾಣದ ಗೂಟ ಯಾವಾಗ ನೆಡಬೇಕು ಅನ್ನುವ ಅವರ ಇನ್ನೊಂದು ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಒಂದೆರಡು ಮಳೆ ಬಿದ್ದ ಕೂಡಲೇ ನೆಡಬೇಕು ಅನ್ನುತ್ತಾರೆ ಅಪ್ಪ. ಅಲ್ಲಿ ಮಳೆ ಮೇ ತಿಂಗಳಲ್ಲೇ ಹಿಡಿಯುವುದರಿಂದ, ಗೂಟವನ್ನು ಏಪ್ರಿಲ್‌ನಲ್ಲೇ ಕಡಿದು ನೆರಳಿನಲ್ಲಿ ಇಟ್ಟುಕೊಂಡಿರಲು ಅವರಿಗೆ ಬರೆಯಬೇಕು.